ಎತ್ತಿನಂಥ ಮಗ

ಹಳೇಕೋಟೆಯ ಹುಲಿಯಪ್ಪನ ಮನೆಯಲ್ಲಿ ಬೆಳಗಾದರೆ ಒಲೆಯ ಮೇಲೆ ಎರಡು ಪಾತ್ರೆ ಏರುತ್ತಿದ್ದವು. ಒಂದರಲ್ಲಿ ಮಗ ಸುದರ್ಶನನ ಮೊಟ್ಟೆ, ಇನ್ನೊಂದರಲ್ಲಿ ಸೊಸೆ ಯಮುನಾಳ ಕಷಾಯ. ಮೊಟ್ಟೆಗೆ ಉಪ್ಪು, ಮೆಣಸಿನಪುಡಿಯ ಉಪಚಾರವಿತ್ತು. ಕಷಾಯಕ್ಕೆ ಒಂದು ಚೂರು ಬೆಲ್ಲ ಹಾಕುವ ಹಾಗೂ ಇರಲಿಲ್ಲ, ಹಾಕಿದರೆ ಗುಣ ಹೋಗಿಬಿಡುತ್ತದಂತೆ. ಗೊರೂರಿನ ಕಡೆಯವರೊಬ್ಬರು ಕೊಟ್ಟ ಬೇರು ಅದು. ಮದುವೆಯಾಗಿ ನಾಲ್ಕು ವರ್ಷವಾದರೂ ಬಸಿರಾಗದ ಹೆಣ್ಣು ಅದನ್ನು ಬರಿ ಹೊಟ್ಟೆಗೆ ಕುಡಿಯಬೇಕು. ಗಂಡಸು ಏನು ಕುಡಿಯಬೇಕೆಂದು ಆ ಪುಣ್ಯಾತ್ಮರು ಹೇಳಲಿಲ್ಲ, ಮನೆಯವರು ಕೇಳಲೂ ಇಲ್ಲ.

ಕೇಳುವುದಾದರೂ ಯಾಕೆ? ಸುದರ್ಶನನನ್ನು ಒಂದು ಸಲ ನೋಡಿದರೆ ಸಾಕಿತ್ತು. ಹೊಳೆನರಸೀಪುರದಲ್ಲಿ ಅವನದೇ ಒಂದು ಜಿಮ್. ಜಿಲ್ಲಾ ಮಟ್ಟದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಕಪ್ ಗೆದ್ದು, ಮೈಗೆಲ್ಲ ಎಣ್ಣೆ ಬಳಿದುಕೊಂಡು ತೆಗೆಸಿದ ಫೋಟೋ ಜಿಮ್ಮಿನ ಬಾಗಿಲಲ್ಲೂ ಇತ್ತು, ಮನೆಯ ಪಡಸಾಲೆಯಲ್ಲೂ ಇತ್ತು. ಅವನ ತಾಯಿ ವಿಜಯಮ್ಮ ಬಂದವರಿಗೆಲ್ಲ ಮೊದಲು ಆ ಫೋಟೋ ತೋರಿಸಿ ಆಮೇಲೆ ಕುಡಿಯಲು ನೀರು ಕೊಡುತ್ತಿದ್ದಳು. ಪಕ್ಕದ ಮನೆಯ ಲಕ್ಕಮ್ಮ ಇದನ್ನು ನೋಡಿ ನೋಡಿ ತಡೆಯಲಾಗದೆ ತನ್ನ ಮಗ ಸುನೀಲನನ್ನೂ ಅದೇ ಜಿಮ್ಮಿಗೆ ಅಟ್ಟಿದ್ದಳು. ಹೊಸದಾಗಿ ಮದುವೆಯಾಗಿದ್ದ ಸುನೀಲನ ತೋಳೂ ಈಗ ಅಂಗಿ ಹರಿಯುವ ಹಾಗಾಗಿತ್ತು.

ಶ್ರಾವಣದ ಒಂದು ಬೆಳಗ್ಗೆ ಯಮುನಾ ಕಷಾಯದ ಲೋಟ ಹಿಡಿದು ಹಿತ್ತಲಿಗೆ ಹೋಗಿ ಬಾಳೆಗಿಡದ ಬುಡಕ್ಕೆ ಸುರಿದುಬಿಟ್ಟಳು.

“ಅದ್ಯಾಕವ್ವ ಚೆಲ್ದೆ?” ವಿಜಯಮ್ಮ ಕೊಟ್ಟಿಗೆಯಿಂದಲೇ ಕೂಗಿದಳು.

“ಬಾಳೆಗಾದ್ರೂ ಮರಿ ಬರ್ಲಿ ಅಂತ, ಅತ್ತೆ.”

“ಮಾತು ನೋಡು ಮಾತಾ! ಅಷ್ಟು ದೂರದಿಂದ ತಂದಿರೋ ಬೇರು.”

“ನನ್ನ ಪರೀಕ್ಷೆ ಮಾಡಿ ನೋಡಿದ್ರಲ್ಲ ಹಾಸನದಲ್ಲಿ. ಎಲ್ಲಾ ಸರಿಯಾಗಿದೆ ಅಂದ್ರು. ಇನ್ನು ಒಂದು ತೊಟ್ಟೂ ಕುಡಿಯಲ್ಲ. ಈಗ ಇವರು ಬರ್ಲಿ ಪರೀಕ್ಷೆಗೆ.”

ವಿಜಯಮ್ಮ ಹಾಲಿನ ಬಕೀಟು ಅಲ್ಲೇ ಇಟ್ಟು ಒಳಗೆ ಬಂದಳು. “ಯಾರು? ನನ್ ಮಗನಾ? ಅವನಿಗೆ ಪರೀಕ್ಷೆನಾ? ಕಣ್ ಬುಟ್ಟು ನೋಡವ್ವ. ಎತ್ತಿನಂಗವ್ನೆ ನನ್ ಮಗ!”

ಗೋಡೆಗೊರಗಿ ರೊಟ್ಟಿ ಮುರಿಯುತ್ತಿದ್ದ ಹುಲಿಯಪ್ಪ ತಲೆ ಎತ್ತದೆ ಹೇಳಿದ, “ಎತ್ತಿಂದ ಎಲ್ಲಾರ ಗಬ್ಬ ನಿಂತದೇನೆ? ಓರಿ ಅನ್ನು.”

ಯಮುನಾಳಿಗೆ ನಗು ತಡೆಯಲಾಗಲಿಲ್ಲ. ಬೇರೆ ಯಾರೂ ನಗಲಿಲ್ಲ. ಮೊಟ್ಟೆ ಸುಲಿಯುತ್ತಿದ್ದ ಸುದರ್ಶನ ಸಿಪ್ಪೆಯನ್ನೇ ನೋಡುತ್ತ ಕೂತ. ಆಮೇಲೆ, “ಆಯ್ತು, ಬತ್ತೀನಿ ನಡಿ” ಅಂದ. ವಿಜಯಮ್ಮ ಆ ದಿನವೆಲ್ಲ ಸೊಸೆಯ ಮೇಲಿನ ಸಿಟ್ಟಿಗೆ ಪಾತ್ರೆ ಕುಕ್ಕಿದಳು.

ಹಾಸನದ ಡಾಕ್ಟರು ಹೆಚ್ಚು ಮಾತಿನವರಲ್ಲ. ಪರೀಕ್ಷೆಯ ಫಲ ನೋಡಿ, ಎದುರಿಗೆ ಕುರ್ಚಿ ತುಂಬ ಕೂತಿದ್ದ ಸುದರ್ಶನನನ್ನು ನೋಡಿ, “ಜಿಮ್ಮಾ?” ಎಂದರು.

“ಊಂ ಸಾ.”

“ಇಂಜೆಕ್ಷನ್ ತಗೊಂಡಿದೀರಾ?”

“ಇಲ್ಲ ಸಾ.”

“ನೀವು ಸುಳ್ಳು ಹೇಳಿದ್ರೆ ನನಗೇನೂ ನಷ್ಟ ಇಲ್ಲ. ಇಲ್ಲಿ ಸೊನ್ನೆ ಇದೆ. ಕಡಿಮೆ ಅಲ್ಲ, ಸೊನ್ನೆ.”

ಸುದರ್ಶನ ಹೆಂಡತಿಯ ಕಡೆ ನೋಡಲಿಲ್ಲ. “ತಗಂಡಿದೀನಿ ಸಾ. ಮೂರು ವರ್ಸದಿಂದ. ಬುಟ್ಟು ಬುಟ್ಟು.” ಆಮೇಲೆ ಕೇಳಿದ, “ಆದ್ರೆ ಸಾ, ಅದು ಗಂಡಸಿನ ಆರ್ಮೋನೇ ಅಲ್ವಾ? ಜಾಸ್ತಿ ಆದ್ರೆ ಒಳ್ಳೇದೇ ತಾನೇ?”

“ಎಲ್ಲಾರೂ ಹಾಗೇ ಅನ್ಕೊಳ್ಳೋದು. ನಿಮ್ಮ ಮೈ ತನಗೆ ಬೇಕಾದಷ್ಟನ್ನ ತಾನೇ ಮಾಡ್ಕೋತಿತ್ತು. ನೀವು ಹೊರಗಿಂದ ಸುರಿದ್ರಿ. ಇನ್ನು ನನಗೇನು ಕೆಲಸ ಅಂತ ಅದು ನಿಲ್ಲಿಸಿಬಿಡ್ತು. ವೀರ್ಯಾಣು ಹುಟ್ಟೋದೂ ಅದರ ಜೊತೆಗೇ ನಿಂತೋಯ್ತು.” ಅವರು ಚೀಟಿ ಬರೆಯತೊಡಗಿದರು. “ಮತ್ತೆ ಶುರು ಮಾಡಿಸೋಕೆ ನೋಡೋಣ. ಇದಕ್ಕೂ ಇಂಜೆಕ್ಷನ್ನೇ, ಆದ್ರೆ ಬೇರೆ. ಫ್ರಿಜ್ಜಲ್ಲಿಡಿ. ತಿಂಗಳುಗಟ್ಟಲೆ ಆಗುತ್ತೆ, ವರ್ಷ ದಾಟಿದ್ರೂ ದಾಟ್ತು. ಬಹಳ ಜನಕ್ಕೆ ಸರಿಹೋಗುತ್ತೆ. ಕೆಲವರಿಗೆ ಹೋಗಲ್ಲ. ಜಿಮ್ಮಿನ ಇಂಜೆಕ್ಷನ್ ಮಾತ್ರ ಇವತ್ತಿಗೇ ಕೊನೆ.”

ವಾಪಸ್ ಬರುವಾಗ ಬಸ್ಸಿನಲ್ಲಿ ಯಮುನಾ ಕಿಟಕಿಯ ಪಕ್ಕ ಕೂತಿದ್ದಳು. ದುದ್ದದ ಕಡೆಯ ರೈತರು ಯಾರೋ ಆಲೂಗಡ್ಡೆ ಚೀಲ ತಂದು ಕಾಲ ಬಳಿ ಇಟ್ಟಿದ್ದರು. ಅವಳು ಚೀಲವನ್ನು ಪಕ್ಕಕ್ಕೆ ಒತ್ತಿ ಗಂಡನತ್ತ ತಿರುಗಿದಳು.

“ಗೊತ್ತಿತ್ತಾ ನಿಮಗೆ?”

“ಇದ್ರಿಂದ ಅಂತ ಗೊತ್ತಿರ್ಲಿಲ್ಲ.”

“ಅನುಮಾನ?”

ಅವನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ. “ವಸಿ ಇತ್ತು.”

“ನಾನು ಮೂಗು ಹಿಡ್ಕೊಂಡು ಆ ಕಹಿ ಕುಡೀತಿದ್ರೆ ನೀವು ಎದುರಿಗೇ ಕೂತು ಮೊಟ್ಟೆ ಸುಲೀತಿದ್ರಿ. ವಸಿ ಅನುಮಾನ ಇಟ್ಕೊಂಡು!”

“ಮೆತ್ತಗೆ ಮಾತಾಡು ಯಮುನಾ, ಜನ ಅವ್ರೆ. ಅವ್ವಂಗೆ ಯೋಳ್ಬೇಡ. ಊರಿಗೆ ಗೊತ್ತಾದ್ರೆ ನನ್ನ ಜಿಮ್ಮಿಗೆ ಯಾರು ಬತ್ತಾರೆ? ಎಂಗೆ ತಲೆ ಎತ್ಕಂಡು ಓಡಾಡ್ಲಿ?”

ಯಮುನಾ ಕಿಟಕಿಯತ್ತ ತಿರುಗಿದಳು. ಹೊಳೆನರಸೀಪುರ ಹತ್ತಿರ ಬಂದಾಗ ಹೇಳಿದಳು, “ನಾನು ಬಾಯಿ ಬಿಡಲ್ಲ. ಆದ್ರೆ ನನ್ನ ಮೇಲೆ ಒಂದೇ ಒಂದು ಮಾತು ಬಂದ್ರೆ ಆವತ್ತು ನೀವು ಬಾಯಿ ಬಿಡಬೇಕು.”

“ಆಯ್ತು.”

“ಆಮೇಲೆ ನುಣುಚ್ಕೋಬಾರ್ದು.”

“ಆಯ್ತು ಅಂದ್ನಲ್ಲ!”

ಹೀಗೆ ಮಾತು ಕೊಟ್ಟು ಮನೆಗೆ ಬಂದ ಸುದರ್ಶನ ಭಾದ್ರಪದದ ಹೊತ್ತಿಗೆ ಇಳಿಯತೊಡಗಿದ. ಹಳೆಯ ಇಂಜೆಕ್ಷನ್ ಬಿಟ್ಟ ಮೇಲೆ ಮೈ ಸೋತುಹೋಗಿತ್ತು. ಮೊದಲು ಭುಜ ಇಳಿಯಿತು, ಆಮೇಲೆ ಎದೆ. ಹಗಲಲ್ಲೇ ಮಲಗುವ, ಸಣ್ಣ ಮಾತಿಗೂ ರೇಗುವ. ಒಮ್ಮೆ ಮುದ್ದೆ ಗಟ್ಟಿಯಾಯಿತೆಂದು ತಟ್ಟೆ ತಳ್ಳಿ ಎದ್ದುಹೋದ, ಆಮೇಲೆ ಹಿತ್ತಲಲ್ಲಿ ನಿಂತು ಕಣ್ಣೊರೆಸಿಕೊಂಡ. ಯಮುನಾ ಅದನ್ನು ನೋಡಿಯೂ ನೋಡದವಳ ಹಾಗೆ ಇನ್ನೊಂದು ಮುದ್ದೆ ಮೆತ್ತಗೆ ಕಟ್ಟಿ ತಂದಿಟ್ಟಳು. ವಿಜಯಮ್ಮ ಮಾತ್ರ ಸೊಸೆಯ ಕೈಯಡುಗೆಯನ್ನೇ ದೂರಿದಳು. “ಮೈ ಎಂಗಿತ್ತು, ಎಂಗಾಯ್ತು. ನಮ್ಮ ಸುದಿ ಉಣ್ಣೋದೇ ಬುಟ್ಬುಟ್ಟ.”

ಇಲ್ಲಿ ಇಂಜೆಕ್ಷನ್ ಎಂಬ ಮಾತಿನ ವಿಷಯ ಸ್ವಲ್ಪ ಹೇಳಬೇಕು. ಹಸು ಕಟ್ಟಿದ ಮನೆಗಳಲ್ಲಿ ಆ ಮಾತಿಗೆ ಬೇರೆಯೇ ಅರ್ಥ. ಹಸು ಬೆದೆಗೆ ಬಂದರೆ ಡೈರಿಯಲ್ಲಿ ಹೇಳಿದರೆ ಸಾಕು, ಬೈಕಿನಲ್ಲಿ ಒಬ್ಬರು ಬರುತ್ತಾರೆ. ಹೊಗೆಯಾಡುವ ತಣ್ಣನೆಯ ಕ್ಯಾನಿನಿಂದ ಕಡ್ಡಿಯಂಥದ್ದೊಂದನ್ನು ತೆಗೆದು ಹಸುವಿಗೆ ಹಾಕಿ ಹೋಗುತ್ತಾರೆ. ಯಾವ ಊರಿನ ಯಾವ ಹೋರಿಯದೋ, ಕಂಡವರಿಲ್ಲ. ತಿಂಗಳು ತುಂಬಿದರೆ ಕರು ಬರುತ್ತದೆ. ಇದನ್ನು ಎಲ್ಲರೂ ಇಂಜೆಕ್ಷನ್ ಹಾಕಿಸುವುದು ಎಂದೇ ಕರೆಯುವುದು. ವಿಜಯಮ್ಮನ ಕೊಟ್ಟಿಗೆಯ ಗೌರಿಯೂ ಇನ್ನೊಂದು ಹಸುವೂ ಹೋರಿಯ ಮುಖ ಕಂಡವಲ್ಲ.

ಅಂಥ ವಿಜಯಮ್ಮನಿಗೆ ಒಂದು ಬೆಳಗ್ಗೆ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆ ಹುಡುಕುತ್ತಿದ್ದಾಗ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ತೆರೆದರೆ ಪುಟ್ಟ ಪುಟ್ಟ ಗಾಜಿನ ಸೀಸೆ.

“ಏನವ್ವ ಇದು?”

ಯಮುನಾ ರೊಟ್ಟಿ ತಟ್ಟುತ್ತಿದ್ದಳು. “ಇಂಜೆಕ್ಷನ್ ಅತ್ತೆ. ಹಾಸನದ ಡಾಕ್ಟ್ರು ಕೊಟ್ಟಿದ್ದು.”

“ಯಾತಕ್ಕೆ?”

ಗಂಡನಿಗೆ ಕೊಟ್ಟ ಮಾತು ಅವಳ ನಾಲಿಗೆ ಹಿಡಿಯಿತು. “ಮಗು ಆಗೋಕೆ.”

“ಪ್ರಿಜ್ಜಲ್ಲಿ ಯಾಕೆ ಮಡ್ಗಿದೀಯೆ?”

“ತಣ್ಣಗಿರ್ಬೇಕಂತೆ. ಇಲ್ದಿದ್ರೆ ಕೆಟ್ಟೋಗುತ್ತಂತೆ.”

ವಿಜಯಮ್ಮ ಡಬ್ಬಿ ಮುಚ್ಚಿದಳು. “ಸುದಿಗೆ ಗೊತ್ತಾ?”

“ಅವರೇ ಅಲ್ವಾ ಅತ್ತೆ ತಂದಿಟ್ಟಿದ್ದು.”

ವಿಜಯಮ್ಮ ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಮೊಸರಿನ ಪಾತ್ರೆಯನ್ನು ಮಾತ್ರ ಅದರಿಂದ ಬೇರೆ ಮಾಡಿ ಮೇಲಿನ ಹಂತಕ್ಕೆ ಏರಿಸಿದಳು. ಕೈಯನ್ನು ಮೂರು ಸಲ ತೊಳೆದಳು. ಆ ದಿನ ಮೊಸರನ್ನೂ ಮುಟ್ಟಲಿಲ್ಲ. ಸಂಜೆ ಡೈರಿಯ ಸಾಲಿನಲ್ಲಿ ಲಕ್ಕಮ್ಮ, “ಯಾಕೆ ವಿಜಿ, ಮೊಕ ಬಾಡೋಗದೆ?” ಎಂದು ಕೇಳಿದ್ದೇ ಸಾಕಾಯಿತು.

“ನಿನ್ನ ತಾವ ಮಾತ್ರ ಯೋಳ್ತೀನಿ ಕಣೆ, ಯಾರ್ಗೂ ಅನ್ಬೇಡ. ನನ್ ಸೊಸೆಗೆ ಇಂಜೆಕ್ಷನ್ ಹಾಕುಸ್ತಾವ್ರೆ. ನಮ್ಮ ಗೌರಿಗೆ ಹಾಕುಸ್ದಂಗೆ. ಯಾರ್ದೋ ಏನೋ!”

“ಅಯ್ಯೋ ಶಿವನೇ! ನಿನ್ ಮಗ ಒಪ್ಕಂಡವ್ನಾ?”

“ಅವ್ನೇ ತಂದು ಮಡ್ಗವ್ನೆ ಕಣೆ!” ವಿಜಯಮ್ಮ ಅತ್ತೇಬಿಟ್ಟಳು.

ಲಕ್ಕಮ್ಮ ಮಾತು ಉಳಿಸಿಕೊಂಡಳು, ಸಾಲಿನ ಕೊನೆಯವರೆಗೆ.

ಮರುದಿನ ಬೆಳಗ್ಗೆ ಹಾಲು ಹಾಕಲು ಹೋದವಳು ಯಮುನಾ. ಕ್ಯಾನು ಇಳಿಸಿ ನಿಂತಿದ್ದಾಗ ಹಿಂದಿನಿಂದ ಯಾರೋ ಕೇಳಿದರು, “ಯಮುನಾ, ಯಾವ ತಳೀದವ್ವ? ಎಚ್ಚೆಫ್ಫಾ, ಜರ್ಸಿನಾ?”

ಸಾಲಿಗೆ ಸಾಲೇ ಕಿಸಕ್ಕೆಂದಿತು. ಅವಳಿಗೆ ಅರ್ಧ ಅರ್ಥವಾಯಿತು.

“ಸುಮ್ಕಿರ್ರೇ,” ಲಕ್ಕಮ್ಮ ಸಮಾಧಾನ ಹೇಳುವವಳ ಹಾಗೆ ಅಂದಳು. “ಯಾವುದಾದ್ರೇನು, ಕರ ಚೆಂದಾಗಿದ್ರಾಯ್ತು.”

ಆಗ ಪೂರ್ತಿ ಅರ್ಥವಾಯಿತು. ಯಮುನಾ ಒಂದು ಹನಿಯೂ ಚೆಲ್ಲದೆ ಹಾಲು ಅಳೆಸಿ, ಖಾಲಿ ಕ್ಯಾನು ಎತ್ತಿಕೊಂಡು, ಯಾರ ಮುಖವನ್ನೂ ತಪ್ಪಿಸದೆ ಒಬ್ಬೊಬ್ಬರನ್ನೇ ನೋಡುತ್ತ ಹೊರಟಳು. 

ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಿದ್ದರು. ಬಸ್ಸಾರು ಬಡಿಸಿ ಸೌಟು ಕೆಳಗಿಟ್ಟು ಅವಳು ನೇರವಾಗಿ ಕೇಳಿದಳು, “ಅತ್ತೆ, ನನ್ನ ಮೇಲೆ ಏನ್ ಹೇಳಿದ್ರಿ ಲಕ್ಕತ್ತೆ ಹತ್ರ?”

“ಇದ್ದಿದ್ದು ಯೋಳ್ದೆ. ಯಾವನ್ದೋ ತಂದು ನನ್ನ ಮನೆ ಪ್ರಿಜ್ಜಲ್ಲಿ ಮಡ್ಗಿದ್ರೆ ಸುಮ್ಕಿರ್ಬೇಕಾ? ಅದೂ ಮೊಸರಿನ ಪಕ್ಕದಾಗೆ!”

“ಯಾವನ್ದೋ ಅಂದ್ರೆ?”

“ನನ್ ಬಾಯಲ್ಲಿ ಅನ್ನುಸ್ಬೇಡ ಕಣವ್ವ. ಅಸುಗೆ ಹಾಕಂಗೆ ಎಂಗಸಿಗೂ ಹಾಕ್ತಾರೆ ಅಂತ ನಂಗೂ ಗೊತ್ತು. ಟೀವಿ ನಾನೂ ನೋಡ್ತೀನಿ.”

ಹುಲಿಯಪ್ಪನ ತುತ್ತು ಕೈಯಲ್ಲೇ ನಿಂತಿತು. ಯಮುನಾ ಗಂಡನ ಕಡೆ ತಿರುಗಿದಳು. “ರೀ, ಹೇಳಿ.”

ಸುದರ್ಶನ ಮುದ್ದೆ ಮುರಿದ. ಸಾರಿನಲ್ಲಿ ಅದ್ದಿದ. ಬಾಯಿಗೆ ಇಡಲಿಲ್ಲ.

“ಹೇಳ್ರೀ. ಬಸ್ಸಲ್ಲಿ ಏನ್ ಒಪ್ಕೊಂಡ್ರಿ?”

“ಅವ್ವಾ, ನೀನು ತಿಳ್ಕಂಡಂಗಲ್ಲ ಅದು...”

“ಮತ್ತೆ ಎಂಗ್ಲಾ?”

“ಆಮ್ಯಾಕೆ ಯೋಳ್ತೀನಿ. ಮೊದ್ಲು ಉಣ್ಣಾಕೆ ಬುಡಿ ಎಲ್ಲಾರೂ.”

ಅಷ್ಟು ಭಾರ ಎತ್ತುವ ಗಂಡಸಿಗೆ ಒಂದು ಮಾತು ಎತ್ತಲಾಗಲಿಲ್ಲ. ಯಮುನಾ ಅಷ್ಟಕ್ಕೆ ಎದ್ದಳು. ಎರಡು ಸೀರೆ, ಎರಡು ಚೂಡಿದಾರ ಚೀಲಕ್ಕೆ ತುಂಬಿಕೊಂಡು ಬಂದು ಪಡಸಾಲೆಯಲ್ಲಿ ನಿಂತಳು.

“ಮಾವ, ಅರಕಲಗೂಡಿಗೆ ಹೋಗ್ತಿದೀನಿ, ನಮ್ಮಮ್ಮನ ಮನೆಗೆ. ಜಗಳ ಆಡ್ಕೊಂಡು ಹೋಗ್ತಿಲ್ಲ. ಆ ಮಾತು ಡೈರೀಲಿ ಹುಟ್ತು, ಡೈರೀಲೇ ಮುರೀಬೇಕು. ಇವರ ಬಾಯಿಂದಾನೇ ಮುರೀಬೇಕು. ಆವತ್ತು ಬರ್ತೀನಿ.”

“ಊಟ ಮಾಡ್ಕಂಡು ಓಗವ್ವ,” ಹುಲಿಯಪ್ಪ ಅಂದ.

“ಹಸಿವಿಲ್ಲ ಮಾವ.”

ಅವಳು ಹೋದ ಮೇಲೆ ಕೊಟ್ಟಿಗೆ ಕೆಲಸವೆಲ್ಲ ವಿಜಯಮ್ಮನ ತಲೆಗೇ ಬಂತು. ಸಗಣಿ ಬಾಚುವುದು, ಹುಲ್ಲು ಹಾಕುವುದು, ಹಾಲು ಕರೆಯುವುದು. ಅದಕ್ಕಿಂತ ದೊಡ್ಡ ಕಷ್ಟ ಡೈರಿ. “ಸೊಸೆ ಎಲ್ಲವ್ವ? ಗಬ್ಬ ನಿಂತದಾ?” ಎಂದು ಈಗ ಅವಳನ್ನೇ ಕೇಳುತ್ತಿದ್ದರು. ತಾನು ಬಿಟ್ಟ ಮಾತು ತನ್ನ ಕಾಲಿಗೇ ತೊಡರಿಕೊಂಡಿತ್ತು. ಒಂದು ದಿನ ಅವಳು ಬಂದವಳೇ ಖಾಲಿ ಕ್ಯಾನನ್ನು ಅಂಗಳಕ್ಕೆ ಎಸೆದಳು.

“ಮರ್ಯಾದೆ ಎಲ್ಲಾ ಕಳುದ್ಬುಟ್ಳು ಮನೇದು! ಅವಳೂ ಅವಳ ಇಂಜೆಕ್ಷನ್ನೂ!”

“ಅವ್ವಾ,” ಜಗಲಿಯಲ್ಲಿದ್ದ ಸುದರ್ಶನ ಎದ್ದುನಿಂತ. “ಆ ಇಂಜೆಕ್ಷನ್ ಅವಳಿಗಲ್ಲ. ನಂಗೆ.”

“ನಿಂಗ್ಯಾಕ್ಲಾ? ನೀನೇನು ಎರೋನಾ?”

“ನನ್ನಲ್ಲೇ ಬೀಜ ಇಲ್ಲ ಕಣವ್ವಾ. ಈ ಮೈ ಬರ್ಲಿ ಅಂತ ಮೂರು ವರ್ಸ ಏನೇನೋ ಚುಚ್ಕಂಡೆ. ಒಳಗಿಂದು ನಿಂತೋಯ್ತು. ಅದು ಮತ್ತೆ ಬರ್ಲಿ ಅಂತ ಡಾಕ್ಟ್ರು ಈ ಇಂಜೆಕ್ಷನ್ ಕೊಟ್ಟವ್ರೆ.”

ವಿಜಯಮ್ಮ ಗಂಡನನ್ನು ನೋಡಿದಳು. ಇದೆಲ್ಲ ಏನು ಎಂದು ಅವನಾದರೂ ಹೇಳಲಿ ಎಂಬಂತೆ.

“ನಾವು ಓರಿಗೆ ಬೀಜ ಒಡ್ಸಿ ಎತ್ತು ಮಾಡ್ತೀವಿ,” ಹುಲಿಯಪ್ಪ ಹೇಳಿದ. “ಇವ್ನು ಕೈಯಿಂದ ಕಾಸು ಕೊಟ್ಟು ತಾನೇ ಒಡ್ಸ್ಕಂಡವ್ನೆ.” ಅವನು ಸಿಟ್ಟಿನಿಂದ ಹೇಳಿರಲಿಲ್ಲ. ಅದಕ್ಕೇ ಮಗನಿಗೆ ಇನ್ನಷ್ಟು ನೋವಾಯಿತು.

ವಿಜಯಮ್ಮ ಅಂಗಳದಲ್ಲೇ ಕುಸಿದು ಅತ್ತಳು. ಅತ್ತು ಮುಗಿದ ಮೇಲೆ ಮಗನ ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು. “ಆಗಿದ್ದಾಯ್ತು. ಯಾರ್ ತಾವೂ ಬಾಯಿ ಬುಡ್ಬೇಡ ಕಣಪ್ಪ. ಅವಳೇನು, ಎಂಗಸು. ನಾಕು ದಿನ ಆಡ್ಕಂತಾರೆ, ಮರೀತಾರೆ. ಗಂಡಸಿನ ಮಾನ ಓದ್ರೆ ವಾಪಸ್ ಬರಲ್ಲ.”

“ಎಣ್ಣಿನ ಮಾನ ಓದ್ರೆ ಬತ್ತದಾ?” ಹುಲಿಯಪ್ಪ ಕೇಳಿದ. “ಯಾವ ಬಸ್ಸಿಗೆ ಬತ್ತದೆ, ಯೋಳು. ಓಗಿ ಕರ್ಕಂಬತ್ತೀನಿ.”

“ನೀವು ಸುಮ್ಕಿರಿ!”

“ಇಷ್ಟು ದಿನ ಸುಮ್ಕಿದ್ದುದ್ದೇ ತಪ್ಪಾಯ್ತು.”

ಸುದರ್ಶನ ತಾಯಿಯ ಕೈ ಬಿಡಿಸಿಕೊಂಡು ಎದ್ದ. ಬೈಕ್ ಹತ್ತಿ ಜಿಮ್ಮಿಗೆ ಹೋದ. ಅಲ್ಲಿ ಕನ್ನಡಿಯ ಮುಂದೆ ಸುನೀಲ ತೋಳು ಮಡಚಿ ತನ್ನನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದ.

“ಅಣ್ಣಾ, ಸ್ಯಾನೆ ಇಳ್ದೋದ್ರಲ್ಲ! ಇನ್ನೊಂದು ಕೋರ್ಸ್ ಇಂಜೆಕ್ಷನ್ ಹಾಕ್ಬುಡಿ, ಮೊದಲಿನಂಗಾಯ್ತೀರ. ನನ್ನ ತಾವ್ಲೇ ಐತೆ.”

ಆ ಕ್ಷಣ ಸುದರ್ಶನನಿಗೆ ಬೇಕೆನಿಸಿತು. ಇನ್ನೊಂದು ಸಲ ಆ ಮೈ, ಆ ಹುಮ್ಮಸ್ಸು. ಕೈ ಚಾಚಿದರೆ ಸಿಗುತ್ತಿತ್ತು. “ನೀನು ಮೊದ್ಲು ಬುಡ್ಲಾ ಅದನ್ನ,” ಅಂದ.

“ಯಾಕಣ್ಣ? ಮೊದಲ್ನೇ ಸಲ ಕೊಡ್ಸಿದ್ದು ನೀವೇ ಅಲ್ವಾ?”

ಸುದರ್ಶನ ಬಾಗಿಲ ಫೋಟೋ ದಾಟಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಅಲ್ಲಿಂದಲೇ ಅರಕಲಗೂಡಿನ ದಾರಿ ಹಿಡಿದ.

ಯಮುನಾಳ ತಾಯಿ ಸುಬ್ಬಮ್ಮ ಅಳಿಯನಿಗೆ ಚಾಪೆ ಹಾಸಿ ನೀರು ಕೊಟ್ಟು ಒಳಗೆ ಹೋದಳು. ಯಮುನಾ ತಟ್ಟೆ ತಂದಿಟ್ಟಳು. ಹಿತುಕಿದ ಬೇಳೆ ಸಾರು, ಅನ್ನ.

“ಅವ್ವಂಗೆ ಯೋಳ್ದೆ,” ಅವನು ಶುರು ಮಾಡಿದ.

“ಒಳ್ಳೇದು. ಡೈರೀಲಿ?”

“ಅಲ್ಲೇ ಯೋಳ್ಬೇಕಾ ಯಮುನಾ? ನಾನು ಯೋಳ್ದೆ, ಅವ್ವಂಗೆ ಅರ್ಥ ಆಯ್ತು. ಬಾ ಮನೆಗೆ.”

“ಅತ್ತೆ ಅರ್ಥ ಮಾಡ್ಕೊಂಡು ಡೈರೀಲಿ ಹೇಳಿದ್ರಾ, ನನ್ನ ಸೊಸೇದು ತಪ್ಪಿಲ್ಲ ಅಂತ?”

ಅವನು ಅನ್ನ ಕಲಸಿದ.

“ಹಾಗಾದ್ರೆ ಊಟ ಮಾಡಿ ಹೊರಡಿ. ಕತ್ಲಾಗುತ್ತೆ.”

“ಅಷ್ಟು ಜನದ ಎದುರಿಗೆ ಬೆತ್ತಲೆ ನಿಲ್ಲು ಅಂತೀಯಾ ನನ್ನ?”

ಯಮುನಾಳಿಗೆ ರೇಗಿಹೋಯಿತು. “ಮೈಗೆ ಎಣ್ಣೆ ಬಳ್ಕೊಂಡು ಚಡ್ಡೀಲಿ ಸ್ಟೇಜ್ ಹತ್ತಿದ್ರಲ್ಲ, ಆವಾಗ ನಾಚಿಕೆ ಆಗ್ಲಿಲ್ವಾ? ಅದನ್ನ ಫ್ರೇಮ್ ಹಾಕಿಸಿ ಗೋಡೆಗೆ ಬೇರೆ ಹಾಕಿದೀರ. ನನ್ನನ್ನ ಹಸು ಅಂದ್ರು ರೀ ಅಲ್ಲಿ. ಯಾವ ತಳಿ ಅಂತ ಕೇಳಿದ್ರು. ನಾನು ಬಟ್ಟೆ ಹಾಕ್ಕೊಂಡೇ ಬೆತ್ತಲೆ ನಿಂತಿದ್ದೆ.”

ಅವನು ತಲೆ ತಗ್ಗಿಸಿ ತಟ್ಟೆಯಲ್ಲಿದ್ದುದನ್ನೆಲ್ಲ ಉಂಡ. ಹೊರಡುವಾಗ ಅವಳು ಬಾಗಿಲ ತನಕ ಬಂದಳು.

“ಇಂಜೆಕ್ಷನ್ ಬಿಟ್ಟಿಲ್ಲ ತಾನೇ?”

“ಇಲ್ಲ.”

“ಬಿಡಬೇಡಿ. ಮಗು ಆಗ್ಲಿ ಬಿಡ್ಲಿ, ಅದು ನಿಮ್ಮ ಆರೋಗ್ಯ. ಈ ಮಾತೇ ಬೇರೆ.”

ಮರುದಿನ ಬೆಳಗ್ಗೆ ಹಾಲಿನ ಕ್ಯಾನು ಎತ್ತಿದವನು ಸುದರ್ಶನ. ವಿಜಯಮ್ಮ ಕೊಟ್ಟಿಗೆಯಿಂದ ಎದ್ದು ಬರುವಷ್ಟರಲ್ಲಿ ಅವನು ಬೀದಿ ತಿರುವು ದಾಟಿದ್ದ. ಡೈರಿಯ ಮುಂದೆ ಹೆಂಗಸರ ಸಾಲು, ಬದಿಯಲ್ಲಿ ನಾಲ್ಕೈದು ಗಂಡಸರು. ತಾಯಿಗೆ ಕ್ಯಾನು ಹೊತ್ತು ತಂದುಕೊಟ್ಟ ಸುನೀಲನೂ ಅಲ್ಲಿದ್ದ. ಸುದರ್ಶನ ಹೋಗಿ ಹೆಂಗಸರ ಸಾಲಿನಲ್ಲೇ ನಿಂತ.

“ಏನ್ಲಾ ಸುದಿ, ನೀನೇ ಬಂದ್ಬುಟ್ಯಾ?” ಲಕ್ಕಮ್ಮ ಕೇಳಿದಳು. “ಎಂಡ್ರುಗೆ ಇಂಜೆಕ್ಷನ್ ಇಡ್ದದಂತಾ?”

ನಗು ಎದ್ದಿತು. ಸುದರ್ಶನ ಕ್ಯಾನು ಕೆಳಗಿಟ್ಟ. 

“ಇಂಜೆಕ್ಷನ್ ಅವಳಿಗಲ್ಲ ಚಿಕ್ಕವ್ವಾ. ನಂಗೆ.”

“ತಮಾಸೆ ಮಾಡ್ಬೇಡ ಕಣ್ಲಾ.”

“ತಮಾಸೆ ಅಲ್ಲ. ಈ ಮೈ ಮಾಡ್ಕಳಾಕೆ ಅಂತ ಮೂರು ವರ್ಸ ಜಿಮ್ಮಿನ ಇಂಜೆಕ್ಷನ್ ಚುಚ್ಕಂಡೆ. ಮೈ ಬಂತು, ಬೀಜ ಓಯ್ತು. ಸೊನ್ನೆ ಅಂದ್ರು ಡಾಕ್ಟ್ರು. ಅದು ಮತ್ತೆ ಬರ್ಲಿ ಅಂತ ಈಗ ಬೇರೆ ಇಂಜೆಕ್ಷನ್ ತಗತಾ ಇವ್ನಿ. ಯಮುನಾ ಸರಿಯಾಗವ್ಳೆ. ಕೆಟ್ಟಿರೋನು ನಾನು. ಸುಮ್ಕೆ ಅವಳು ನಿಮ್ಮ ಬಾಯಿಗೆ ಬಿದ್ಲು, ನಾನು ಗೊತ್ತಿದ್ದೂ ನೋಡ್ತಾ ನಿಂತಿದ್ದೆ.”

ಹಾಲು ಅಳೆಯುತ್ತಿದ್ದ ಡೈರಿ ಸೆಕ್ರೆಟರಿಯ ಕೈಯಲ್ಲಿದ್ದ ಅಳತೆ ಪಾತ್ರೆ ಹಾಗೇ ನಿಂತಿತು. ಗಂಡಸರ ಕಡೆಯಿಂದ ಯಾರೋ ಕೂಗಿದರು, “ಅಂಗಾರೆ ಎತ್ತು ಅನ್ನು!”

ಸುದರ್ಶನ ಆ ಕಡೆ ತಿರುಗಿದ. “ಊಂ, ಎತ್ತೇ. ಅನ್ನಿ, ಇವತ್ತೆಲ್ಲಾ ಅನ್ನಿ. ನಾನೇ ಮಾಡ್ಕಂಡಿದ್ದು, ನಾನೇ ಕೇಳುಸ್ಕತೀನಿ. ಸರಿ ಓದ್ರೂ ಓಯ್ತದೆ, ಓಗ್ದೆನೂ ಇರ್ಬೌದು. ಆದ್ರೆ ಇವತ್ತಿಂದ ಏನ್ ಅಂದ್ರೂ ನನ್ನ ಎಸ್ರು ಇಡ್ಕಂಡು ಅನ್ನಿ. ಅವಳ ಎಸ್ರು ಎತ್ತುದ್ರೆ ನಾನು ಸುಮ್ಕೆ ಕೇಳ್ಕಂಡು ಓಗೋನಲ್ಲ.”

ಅವನ ಕಣ್ಣು ಒಂದು ಸಲ ಸುನೀಲನ ಮೇಲೆ ನಿಂತಿತು. ಸುನೀಲನ ಮುಖ ಬಿಳಿಚಿತ್ತು. ಅವನ ಹೆಸರು ಹೇಳಿದ್ದರೆ ಲಕ್ಕಮ್ಮನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಸುದರ್ಶನ ಹೇಳಲಿಲ್ಲ.

ಅಷ್ಟರಲ್ಲಿ ವಿಜಯಮ್ಮ ಏದುಸಿರು ಬಿಡುತ್ತ ಬಂದು ನಿಂತಿದ್ದಳು. ಮಗ ಆಡಿದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತು. ಊರೆಲ್ಲ ತನ್ನನ್ನೇ ನೋಡುವಾಗ ಅವಳಿಗೆ ಒಂದು ಕ್ಷಣ ಓಡಿಹೋಗಬೇಕೆನಿಸಿತು. ಓಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಗನ ಪಕ್ಕಕ್ಕೆ ಬಂದಳು.

“ನಂದೇ ತಪ್ಪು ಕಣ್ರೇ. ಅಸು ಕಟ್ಟಿ ಕಟ್ಟಿ ನನ್ನ ಬುದ್ಧಿನೂ ಕೊಟ್ಟಿಗೆ ಬುದ್ಧಿ ಆಗೋಯ್ತು. ತಿಳೀದೆ ನನ್ ಸೊಸೆ ಮ್ಯಾಲೆ ಮಾತಾಡ್ದೆ. ನೀವು ಅದಕ್ಕೆ ಉಪ್ಪು ಖಾರ ಹಾಕುದ್ರಿ.” ಆಮೇಲೆ ಸೆಕ್ರೆಟರಿಯ ಮೇಲೆ ಹರಿಹಾಯ್ದಳು. “ನೀನೇನ್ಲಾ ಬಾಯಿ ಬುಟ್ಕಂಡು ನೋಡೀಯೆ? ಆಲು ಅಳಿ!”

ಸಂಜೆ ಹುಲಿಯಪ್ಪ ಅರಕಲಗೂಡಿಗೆ ಫೋನ್ ಮಾಡಿದ. “ಯೋಳ್ಬುಟ್ಟ ಕಣವ್ವ,” ಅಂದ. 

ಯಮುನಾ ಬಂದಾಗ ಯಾರೂ ಕ್ಷಮೆ ಗಿಮೆ ಎಂದು ಕೇಳಲಿಲ್ಲ. ಕಷಾಯದ ಪಾತ್ರೆಯಲ್ಲಿ ಹುರುಳಿ ಬೇಯುತ್ತಿತ್ತು. ವಿಜಯಮ್ಮ ಫ್ರಿಜ್ಜಿನಲ್ಲಿ ಆ ಡಬ್ಬಿಯನ್ನು ಮುಂದಕ್ಕೆ, ಕೈಗೆ ಸಿಗುವ ಹಾಗೆ, ಮೊಸರಿನ ಪಕ್ಕದಲ್ಲೇ ಇಟ್ಟಿದ್ದಳು. ಜಿಮ್ಮಿಗೆ ಬರುವ ಹುಡುಗರು ಅರ್ಧಕ್ಕರ್ಧ ಕಡಿಮೆಯಾಗಿದ್ದರು. ಬಂದವರಿಗೆ ಸುದರ್ಶನ ಮೊದಲು ತನ್ನ ಕಥೆ ಹೇಳಿ ಆಮೇಲೆ ಡಂಬೆಲ್ ಮುಟ್ಟಲು ಬಿಡುತ್ತಿದ್ದ. ಹಾಸನದ ಎರಡನೇ ಪರೀಕ್ಷೆಯಲ್ಲೂ ಸೊನ್ನೆಯೇ ಬಂತು. ಇಷ್ಟು ಬೇಗ ಏನೂ ಹೇಳಲಾಗದು ಎಂದರು ಡಾಕ್ಟರು. ಆ ರಾತ್ರಿ ಗಂಡ ಹೆಂಡತಿ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ, ಆದರೆ ಬೆಳಗ್ಗೆ ಎದ್ದು ಇಂಜೆಕ್ಷನ್ ತಪ್ಪಿಸಲಿಲ್ಲ.

ಯಮುನಾ ಮತ್ತೆ ಡೈರಿಯ ಸಾಲಿಗೆ ಹೋಗಿ ನಿಂತ ಕೆಲವು ದಿನಗಳ ಮೇಲೆ ಲಕ್ಕಮ್ಮ ತನ್ನ ಕ್ಯಾನನ್ನು ಮೆಲ್ಲಗೆ ಸರಿಸಿಕೊಂಡು ಅವಳ ಹಿಂದೆ ಬಂದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು.

“ಯಮುನಾ, ನಿನ್ ಗಂಡ ತೋರ್ಸ್ಕಂಡಿದ್ದು ಯಾವ ಡಾಕ್ಟ್ರ ತಾವವ್ವ?”

ಯಮುನಾ ತಿರುಗಿ ನೋಡಿದಳು. ಯಾವ ತಳಿ ಎಂದು ಕೇಳಿದವರೆಲ್ಲ ಅದೇ ಸಾಲಿನಲ್ಲಿದ್ದರು.

“ಕೇಳಿಸ್ಲಿಲ್ಲ ಲಕ್ಕತ್ತೆ. ಜೋರಾಗಿ ಕೇಳಿ.”

ಲಕ್ಕಮ್ಮ ಅತ್ತಿತ್ತ ನೋಡಿದಳು. “ಮೆತ್ತಗೆ ಕಣವ್ವ...”

“ನನ್ನ ಕೇಳಿದ್ದೆಲ್ಲ ಜೋರಾಗೇ ಕೇಳಿದ್ರಿ. ಇದನ್ನೂ ಹಾಗೇ ಕೇಳಿ. ನಾನು ಹೇಳ್ತೀನಿ.”

ಲಕ್ಕಮ್ಮನ ಕಣ್ಣಲ್ಲಿ ನೀರು ಬಂತು. ಸೆರಗು ಬಾಯಿಂದ ಜಾರಿತು. ಅವಳು ಸಾಲಿನ ಕಡೆ ಮುಖ ಮಾಡಿ, ಯಾರ ಮೇಲೋ ಜಗಳಕ್ಕೆ ಬಿದ್ದವಳ ಹಾಗೆ ಕೂಗಿದಳು, “ನಮ್ ಸುನೀಲಂಗೆ ಕಣವ್ವಾ! ಅವನೂ ಚುಚ್ಕಂಡವ್ನಂತೆ! ಯಾವ ಡಾಕ್ಟ್ರು, ಯೋಳು!”

ಯಾರೂ ನಗಲಿಲ್ಲ.

ಯಮುನಾ ಅವಳ ಕ್ಯಾನನ್ನು ತನ್ನ ಕ್ಯಾನಿಗಿಂತ ಮುಂದೆ ಇಟ್ಟಳು. “ಸೋಮವಾರ ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೊರಡಿ ಲಕ್ಕತ್ತೆ. ಸುನೀಲನ್ನೂ ಕರ್ಕೊಳ್ಳಿ, ಅವನ ಹೆಂಡ್ತೀನೂ ಕರ್ಕೊಳ್ಳಿ,” ಅಂದಳು, ಸಾಲಿನ ಕೊನೆಯವರಿಗೂ ಕೇಳುವ ಹಾಗೆ. “ಆ ಹುಡುಗಿಗೆ ಕಷಾಯ ಗಿಷಾಯ ಏನಾದ್ರೂ ಕುಡಿಸ್ತಿದ್ರೆ ಇವತ್ತೇ ಚೆಲ್ಲಿಬಿಡಿ. ನಾನೂ ಬರ್ತೀನಿ ಜೊತೆಗೆ.”